ಲಿಮಾದ ಒತ್ತೆಸೆರೆ ಮತ್ತು ‘ಬೆಲ್ ಕಾಂಟೊ’: ನಡೆದ ಅಪಹರಣವನ್ನು ಪ್ರೇಮಕಥೆಯಾಗಿ ಬರೆಯಬಹುದೇ?

ಓದುಗಿ, ಶಿವಮೊಗ್ಗ

ನಮ್ಮ ಓದುಗರ ಬಳಗದಲ್ಲಿ ಈ ಸಲ ಆ್ಯನ್ ಪ್ಯಾಚೆಟ್ ಅವರ ‘ಬೆಲ್ ಕಾಂಟೊ’ ಕಾದಂಬರಿಯನ್ನು ಚರ್ಚೆಗೆ ಇಟ್ಟುಕೊಂಡಿದ್ದೆವು. 2001ರಲ್ಲಿ ಪ್ರಕಟವಾಗಿ, ಮರುವರ್ಷವೇ ಆರೆಂಜ್ ಪ್ರಶಸ್ತಿಯನ್ನೂ ಪೆನ್/ಫಾಕ್ನರ್ ಪ್ರಶಸ್ತಿಯನ್ನೂ ಪಡೆದ ಕೃತಿ. 1996ರ ಡಿಸೆಂಬರ್ 17ರ ರಾತ್ರಿ, ಪೆರುವಿನ ರಾಜಧಾನಿ ಲಿಮಾದಲ್ಲಿ, ಜಪಾನಿನ ರಾಯಭಾರಿಯ ನಿವಾಸದಲ್ಲಿ ಚಕ್ರವರ್ತಿಯ ಹುಟ್ಟುಹಬ್ಬದ ಔತಣ ನಡೆಯುತ್ತಿದ್ದಾಗ ಟುಪಾಕ್ ಅಮಾರು ಕ್ರಾಂತಿಕಾರಿ ಚಳವಳಿ ಎಂಬ ಎಡಪಂಥೀಯ ಬಂಡುಕೋರ ಸಂಘಟನೆಯ 14 ಮಂದಿ ಬಂದೂಕುಧಾರಿಗಳು ಒಳನುಗ್ಗಿ ನೂರಾರು ಅತಿಥಿಗಳನ್ನು ಒತ್ತೆ ಇರಿಸಿಕೊಂಡ ಘಟನೆಯೇ ಇದರ ಮೂಲ. ಹಂತ ಹಂತವಾಗಿ ಹೆಚ್ಚಿನವರನ್ನು ಬಿಟ್ಟು, ಕೊನೆಗೆ 72 ಮಂದಿಯನ್ನು ಉಳಿಸಿಕೊಂಡರು. 126ನೆಯ ದಿನ, 1997ರ ಏಪ್ರಿಲ್ 22ರಂದು ಸೇನೆ ದಾಳಿ ಮಾಡಿ 14 ಮಂದಿಯನ್ನೂ ಕೊಂದಿತು. ಒತ್ತೆಯಾಳುಗಳಲ್ಲಿ ಒಬ್ಬರು, ಕಮಾಂಡೊಗಳಲ್ಲಿ ಇಬ್ಬರು ತೀರಿಕೊಂಡರು.

ಕಾದಂಬರಿಯಲ್ಲಿ ಆ ದೇಶಕ್ಕೆ ಹೆಸರೇ ಇಲ್ಲ. ರಾಯಭಾರಿಯ ಮನೆ ಉಪಾಧ್ಯಕ್ಷರ ಮನೆಯಾಗಿದೆ. ಚಕ್ರವರ್ತಿಯ ಬದಲು ಹೊಸೊಕಾವ ಎಂಬ ಜಪಾನಿ ಉದ್ಯಮಿಯ ಹುಟ್ಟುಹಬ್ಬ. ಆತನ ಆರಾಧ್ಯ ಗಾಯಕಿ ರೊಕ್ಸಾನ್ ಕಾಸ್ ಕೊನೆಯ ಹಾಡನ್ನು ಮುಗಿಸುವ ಹೊತ್ತಿಗೆ ದೀಪಗಳು ಆರುತ್ತವೆ. ಅಲ್ಲಿಂದ ಮುಂದೆ ತಿಂಗಳುಗಟ್ಟಲೆ ಹಾಡು, ಚದುರಂಗ, ಅಡುಗೆ, ಎರಡು ಪ್ರೇಮಪ್ರಕರಣಗಳು. ಬಂದೂಕು ಹಿಡಿದ ಹುಡುಗಿ ಕಾರ್ಮೆನ್ ದುಭಾಷಿ ಗೆನ್‌ನಿಂದ ಅಕ್ಷರ ಕಲಿಯುತ್ತಾಳೆ. ಓದುತ್ತಾ ಹೋದಂತೆ ಯಾರೂ ಬಿಡುಗಡೆಯಾಗದಿದ್ದರೇ ಚೆನ್ನ ಎನ್ನಿಸಿಬಿಡುತ್ತದೆ, ಮತ್ತು ನನಗೆ ತೊಡಕಾಗಿರುವುದು ಅದೇ. ಘಟನೆ ನಡೆದು ನಾಲ್ಕೇ ವರ್ಷವಾಗಿತ್ತು. ಸತ್ತವರ ಮನೆಯವರು, ಬದುಕಿ ಬಂದವರು ಎಲ್ಲರೂ ಕಣ್ಣೆದುರೇ ಇದ್ದರು. ಅಂಥ ಹೊತ್ತಿನಲ್ಲಿ ದೂರದ ಅಮೆರಿಕದಲ್ಲಿ ಕುಳಿತು ಇದನ್ನು ಇಷ್ಟು ಮಧುರವಾಗಿ ಬರೆಯುವ ಹಕ್ಕು ಯಾರಿಗಿದೆ? ನಮ್ಮ ಬಳಗ ಎರಡು ಪಾಳಯವಾಗಿ ಮನೆಗೆ ಹೋಯಿತು. ಓದಿದವರು ಏನನ್ನುತ್ತೀರಿ? ಚರ್ಚೆಯಲ್ಲಿ ಕಥೆಯ ಕೊನೆ ಬಂದೇ ಬರುತ್ತದೆ, ಓದದವರು ಇಲ್ಲಿಗೇ ನಿಲ್ಲುವುದು ಒಳ್ಳೆಯದು.

ಕಡಲತಡಿ

ಹಕ್ಕಿನ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ, ಅಕ್ಕಾ. ಕಾದಂಬರಿಕಾರರು ಅನುಮತಿ ಪತ್ರ ಹಿಡಿದು ಬರೆಯಲು ಕುಳಿತರೆ ಸಾಹಿತ್ಯದಲ್ಲಿ ಉಳಿಯುವುದು ದಿನಚರಿಗಳು ಮಾತ್ರ. ದೇಶದ ಹೆಸರು, ಸಂಘಟನೆಯ ಹೆಸರು, ಮನುಷ್ಯರ ಹೆಸರು ಎಲ್ಲವನ್ನೂ ಆಕೆ ಬದಲಿಸಿದ್ದಾರೆ. ಯಾರ ಬದುಕನ್ನೂ ಎತ್ತಿಕೊಂಡಿಲ್ಲ, ಒಂದು ಸನ್ನಿವೇಶವನ್ನಷ್ಟೇ ಎತ್ತಿಕೊಂಡಿದ್ದಾರೆ.

ನಿವೃತ್ತ ಮೇಷ್ಟ್ರು

ಹೆಸರು ಬದಲಿಸಿದರೆ ಮುಗಿಯಿತೇ ಸ್ವಾಮಿ? ಕಾದಂಬರಿಯಲ್ಲಿ ಅಧ್ಯಕ್ಷನ ಹೆಸರು ಮಸುದಾ, ಲ್ಯಾಟಿನ್ ಅಮೆರಿಕದ ದೇಶವೊಂದಕ್ಕೆ ಜಪಾನಿ ಮೂಲದ ಅಧ್ಯಕ್ಷ. ಆಗ ಅಂಥವರು ಆಲ್ಬರ್ಟೊ ಫುಜಿಮೊರಿ ಒಬ್ಬರೇ ಇದ್ದರು. ಇಷ್ಟು ಗುರುತು ಹಚ್ಚಿಕೊಟ್ಟು, ಆಮೇಲೆ ಆ ಮನುಷ್ಯ ಔತಣಕ್ಕೆ ಬಾರದೆ ಮನೆಯಲ್ಲಿ ಕುಳಿತು ದೂರದರ್ಶನದಲ್ಲಿ ಧಾರಾವಾಹಿ ನೋಡುತ್ತಿದ್ದ ಎಂದು ಬರೆದು ಮುಗಿಸುತ್ತಾರೆ. ನಗು ಬರುತ್ತದೆ, ನಿಜ. ಆದರೆ ಅಸಲಿ ಅಧ್ಯಕ್ಷ ಅಂಥ ನಿರುಪದ್ರವಿ ಸೋಮಾರಿಯಾಗಿರಲಿಲ್ಲ. 1992ರಲ್ಲಿ ಸಂಸತ್ತನ್ನೇ ವಿಸರ್ಜಿಸಿ ಅಧಿಕಾರವನ್ನು ಕೈಗೆ ತೆಗೆದುಕೊಂಡವರು, ಮುಖ ಮರೆಸಿಕೊಂಡ ನ್ಯಾಯಾಧೀಶರಿಂದ ಬಂಡುಕೋರರ ವಿಚಾರಣೆ ನಡೆಸಿದವರು, ಮುಂದೆ 2009ರಲ್ಲಿ ಮಾನವ ಹಕ್ಕುಗಳ ಉಲ್ಲಂಘನೆಗಾಗಿ 25 ವರ್ಷಗಳ ಶಿಕ್ಷೆಗೆ ಗುರಿಯಾದವರು. ಇಷ್ಟೆಲ್ಲವನ್ನೂ ಒಂದು ಧಾರಾವಾಹಿಯ ತಮಾಷೆಯೊಳಗೆ ಮುಚ್ಚಿಟ್ಟರೆ ಅದನ್ನು ಕಲ್ಪನೆಯ ಸ್ವಾತಂತ್ರ್ಯ ಎನ್ನಬೇಕೋ, ಅನುಕೂಲ ಎನ್ನಬೇಕೋ?

ಕಡಲತಡಿ

ಮೇಷ್ಟ್ರೇ, ನೀವು ಕೇಳುತ್ತಿರುವುದು ಬೇರೆ ಪುಸ್ತಕ. ಪೆರುವಿನ ರಾಜಕೀಯ ಇತಿಹಾಸ ಬೇಕಾದವರು ಇತಿಹಾಸದ ಪುಸ್ತಕವನ್ನು ಓದಲಿ.

ನಿವೃತ್ತ ಮೇಷ್ಟ್ರು

ಓದುತ್ತಾರೆಯೇ? ಕಾದಂಬರಿ ಓದಿದ ಸಾವಿರ ಮಂದಿಯಲ್ಲಿ ಹತ್ತು ಮಂದಿ ಓದಿದರೆ ಪುಣ್ಯ. ಉಳಿದವರ ಪಾಲಿಗೆ ಲಿಮಾ ಎಂದರೆ ಆ ಹಾಡು ಮತ್ತು ಆ ಮಂಜು ಅಷ್ಟೇ.

ಸಂಗೀತ ವಿದ್ಯಾರ್ಥಿನಿ, ಧಾರವಾಡ

ನಾನು ಈ ಪುಸ್ತಕವನ್ನು ಹಾಡಿಗಾಗಿಯೇ ಓದಿದವಳು. ಬರೆಯಲು ತೊಡಗುವ ಮುನ್ನ ಪ್ಯಾಚೆಟ್ ಅವರಿಗೆ ಒಪೆರಾದ, ಎಂದರೆ ಪಾಶ್ಚಾತ್ಯ ಸಂಗೀತನಾಟಕದ, ಪರಿಚಯ ಹೆಚ್ಚಿರಲಿಲ್ಲ. ಸುದ್ದಿಯಲ್ಲಿ ಈ ಒತ್ತೆಸೆರೆಯನ್ನು ನೋಡುತ್ತಿದ್ದಾಗ ಇದು ಒಪೆರಾದ ಕಥೆಯಂತಿದೆ ಅನ್ನಿಸಿ, ಆಮೇಲೆ ಕೇಳಿ ಕಲಿತು ಬರೆದವರು. ಆ ಹೊಸ ಕಿವಿಯ ಹುಮ್ಮಸ್ಸು ಪುಟಪುಟದಲ್ಲೂ ಕಾಣುತ್ತದೆ. ಸಂಗೀತ ಬಲ್ಲವರು ಹೀಗೆ ಬರೆಯುತ್ತಿರಲಿಲ್ಲ, ಎಲ್ಲೋ ಒಂದು ಕಡೆ ಸ್ವರ ಜಾರಿತು ಎಂಬ ಗೊಣಗಾಟವಾದರೂ ಇರುತ್ತಿತ್ತು. ರೊಕ್ಸಾನ್ ಹಾಡಿದರೆ ಮನೆಯಲ್ಲಿದ್ದವರೆಲ್ಲ ಕರಗುತ್ತಾರೆ, ಪ್ರತಿ ಸಲವೂ ಕರಗುತ್ತಾರೆ. ಒಂದು ದಿನವಾದರೂ ಒಬ್ಬ ಒತ್ತೆಯಾಳು ‘ಸಾಕಮ್ಮಾ, ಸ್ವಲ್ಪ ಸುಮ್ಮನಿರು’ ಎನ್ನುವುದಿಲ್ಲ. ನಮ್ಮ ಮನೆಯಲ್ಲಿ ಬೆಳಗಿನ ರಿಯಾಜಿಗೆ ಕುಳಿತರೆ ಮೊದಲ ಅರ್ಧ ಗಂಟೆಗೇ ಆ ಮಾತು ಬರುತ್ತದೆ.

ಕಿರಣ, ಹಾಸನ

ಕೊನೆಯ ಮಾತಿಗೆ ನನ್ನ ಪೂರ್ಣ ಬೆಂಬಲವಿದೆ.

ಷಿಕಾಗೊ ಕನ್ನಡಿಗ

ಸಂಗೀತದ ಮಾತು ಬಂದಿದ್ದರಿಂದ ಒಂದು ಸೇರ್ಪಡೆ. ಈ ಕಾದಂಬರಿಯನ್ನು ನಮ್ಮ ಊರಿನ ಲಿರಿಕ್ ಒಪೆರಾ ಸಂಸ್ಥೆ 2015ರ ಡಿಸೆಂಬರಿನಲ್ಲಿ ಒಪೆರಾ ಆಗಿಯೇ ರಂಗಕ್ಕೆ ತಂದಿತು. ಗಾಯಕಿ ರೆನೆ ಫ್ಲೆಮಿಂಗ್ ಆ ಯೋಜನೆಯ ಹಿಂದಿದ್ದರು, ಸಾಹಿತ್ಯ ನಿಲೋ ಕ್ರೂಸ್ ಅವರದು. ಸಂಗೀತ ಸಂಯೋಜಿಸಿದ ಜಿಮ್ಮಿ ಲೋಪೆಸ್ ಹುಟ್ಟಿದ್ದೇ ಲಿಮಾದಲ್ಲಿ, 1978ರಲ್ಲಿ. ಎಂದರೆ ಒತ್ತೆಸೆರೆಯ ಕಾಲಕ್ಕೆ ಅವರಿಗೆ ಹದಿನೆಂಟರ ಆಸುಪಾಸು. ಕಾದಂಬರಿಯಲ್ಲಿ ಹೆಸರಿಲ್ಲದ ದೇಶವಾಗಿದ್ದದ್ದು ಅವರ ಕೈಯಲ್ಲಿ ಮತ್ತೆ ಪೆರು ಆಯಿತು. ಪಾತ್ರಗಳು ಒಂದೇ ಭಾಷೆಯಲ್ಲಿ ಹಾಡುವುದಿಲ್ಲ. ಸ್ಪ್ಯಾನಿಷ್, ಇಂಗ್ಲಿಷ್, ಜಪಾನಿ ಎಲ್ಲವೂ ಬರುತ್ತವೆ, ಆ್ಯಂಡೀಸ್ ಬೆಟ್ಟಗಾಡಿನವರ ಕೆಚುವಾ ಕೂಡ ಬರುತ್ತದೆ. ನಾನು ಮೇಲಿನ ಅಗ್ಗದ ಸಾಲಿನಲ್ಲಿ ಕುಳಿತು ನೋಡಿದೆ. ಪಕ್ಕದಲ್ಲಿದ್ದ ವಯಸ್ಸಾದ ಹೆಂಗಸೊಬ್ಬರು ಮಧ್ಯಂತರದಲ್ಲಿ ತಾವು ಪೆರುವಿನವರು ಎಂದರು, ಇಷ್ಟವಾಯಿತೇ ಎಂದು ಕೇಳಿದ್ದಕ್ಕೆ ಭುಜ ಕುಣಿಸಿ, ಆ ನಾಲ್ಕು ತಿಂಗಳು ತಮ್ಮ ಬೀದಿಗೆ ಹಾಲಿನವನು ಕೂಡ ಪೊಲೀಸರಿಗೆ ಚೀಟಿ ತೋರಿಸಿ ಬರಬೇಕಾಗಿತ್ತು ಎಂದಷ್ಟೇ ಹೇಳಿ ಕಾಫಿ ತರಲು ಎದ್ದುಹೋದರು. ಮೇಷ್ಟ್ರು ಹೇಳುತ್ತಿರುವ ಕೊರತೆ ಆ ಸಂಯೋಜಕರಿಗೂ ಅನ್ನಿಸಿದ್ದಿರಬೇಕು ಎಂದು ನನ್ನ ಊಹೆ.

ಮಾಜಿ ಯೋಧ, ಕೊಡಗು

ಇಲ್ಲಿಯವರೆಗೆ ಯಾರೂ ಸೈನಿಕರ ಮಾತನ್ನು ಎತ್ತಿಲ್ಲವಾದ್ದರಿಂದ ನಾನೇ ಎತ್ತುತ್ತೇನೆ. ಸೇನೆಯಲ್ಲಿದ್ದಾಗ ಈ ಕಾರ್ಯಾಚರಣೆಯ ಬಗ್ಗೆ ನಾವು ಪಾಠದಂತೆ ಓದಿದ್ದೆವು. ಹೆಸರು ‘ಚಾವಿನ್ ದೆ ಹುವಾಂತಾರ್’, ನೆಲದಡಿಯ ಓಣಿಗಳಿಗೆ ಹೆಸರಾದ ಪೆರುವಿನ ಪ್ರಾಚೀನ ನೆಲೆಯೊಂದರ ಹೆಸರು. ಗಣಿ ಕಾರ್ಮಿಕರನ್ನು ಕರೆಸಿ ಅಕ್ಕಪಕ್ಕದ ಮನೆಗಳಿಂದ ನಿವಾಸದ ಅಡಿಗೆ ಸುರಂಗ ತೋಡಿಸಿದರು. ಅಗೆಯುವ ಸದ್ದು ಒಳಗೆ ಕೇಳಿಸಬಾರದೆಂದು ಹೊರಗೆ ಧ್ವನಿವರ್ಧಕಗಳಲ್ಲಿ ಸೇನೆಯ ವಾದ್ಯಸಂಗೀತವನ್ನು ಗಟ್ಟಿಯಾಗಿ ಹಾಕಿದರು. ನಿವಾಸದ ನಕಲನ್ನೇ ಕಟ್ಟಿ ಸುಮಾರು 140 ಕಮಾಂಡೊಗಳು ಅಭ್ಯಾಸ ಮಾಡಿದರು. ಒಳಗೆ ಸೆರೆಯಾಗಿದ್ದ ನೌಕಾಪಡೆಯ ನಿವೃತ್ತ ಅಧಿಕಾರಿಯೊಬ್ಬರು ಗುಟ್ಟಾಗಿ ತರಿಸಿಕೊಂಡ ಉಪಕರಣದ ಮೂಲಕ ಹೊರಗಿನವರಿಗೆ ಸಮಾಚಾರ ಕೊಡುತ್ತಿದ್ದರು. ಬಂಡುಕೋರರ ನಾಯಕ ನೆಸ್ತೊರ್ ಸೆರ್ಪಾನಿಗೆ ಸದ್ದಿನ ಮೇಲೆ ಅನುಮಾನ ಬಂದು ಒತ್ತೆಯಾಳುಗಳನ್ನೆಲ್ಲ ಮೇಲಂತಸ್ತಿಗೆ ಕಳುಹಿಸಿದ. ತಾನು ಮಾತ್ರ ಸಂಗಡಿಗರೊಂದಿಗೆ ಕೆಳಗಿನ ಹಜಾರದಲ್ಲಿ ಮಧ್ಯಾಹ್ನದ ಕಾಲ್ಚೆಂಡಾಟವನ್ನು ಬಿಡಲಿಲ್ಲ. ಏಪ್ರಿಲ್ 22ರ ಮಧ್ಯಾಹ್ನ ಮೂರು ಗಂಟೆ ದಾಟಿದ ಮೇಲೆ ಆ ಆಟದ ನೆಲವೇ ಸಿಡಿಯಿತು.

72 ಮಂದಿಯಲ್ಲಿ 71 ಮಂದಿ ಜೀವಂತ ಹೊರಬಂದರು. ಇಂಥ ಫಲಿತಾಂಶ ಎಲ್ಲಿಯೂ ಸುಲಭವಾಗಿ ಸಿಗುವುದಿಲ್ಲ. ಕಾದಂಬರಿಯಲ್ಲಿ ಈ ಸೈನಿಕರು ಕೊನೆಯ ಕೆಲವೇ ಪುಟಗಳಲ್ಲಿ ಬರುತ್ತಾರೆ, ಮುಖವಿಲ್ಲದೆ ಬರುತ್ತಾರೆ, ಹಾಡನ್ನು ಕೆಡಿಸಲೆಂದೇ ಬಂದವರಂತೆ ಬರುತ್ತಾರೆ. ಬಂದೂಕು ಹಿಡಿದ ಹದಿನೈದು ಹುಡುಗರಿಗೆ ಮನಸ್ಸು, ತಾಯಿ, ಊರು, ಕನಸು ಎಲ್ಲವನ್ನೂ ಕೊಟ್ಟ ಲೇಖಕಿಗೆ ಒಬ್ಬನೇ ಒಬ್ಬ ಸೈನಿಕನಿಗೆ ಒಂದು ಹೆಸರು ಕೊಡಲು ಮನಸ್ಸಾಗಲಿಲ್ಲ.

ವಕೀಲೆ, ಬೆಂಗಳೂರು

ಯೋಧರೇ, ನಿಮ್ಮ ವಿವರಗಳಲ್ಲಿ ಒಂದನ್ನು ನೀವು ಬಿಟ್ಟಿದ್ದೀರಿ, ಮತ್ತು ಇಡೀ ಚರ್ಚೆಗೆ ಅದೇ ಮುಖ್ಯ. ಆ 14 ಮಂದಿಯೂ ಕಾಳಗದಲ್ಲೇ ಸತ್ತರೇ ಎಂಬುದು ಮೊದಲಿನಿಂದ ವಿವಾದದಲ್ಲಿದೆ. ಒತ್ತೆಯಾಳಾಗಿದ್ದ ಜಪಾನಿ ರಾಯಭಾರ ಕಚೇರಿಯ ಅಧಿಕಾರಿ ಹಿದೆತಾಕ ಒಗುರಾ, ದಾಳಿಯ ನಂತರ ಬಂಡುಕೋರರಲ್ಲಿ ಕೆಲವರು ಜೀವಂತವಾಗಿ ಸೆರೆಸಿಕ್ಕಿದ್ದನ್ನು ತಾವು ಕಂಡುದಾಗಿ ಸಾಕ್ಷ್ಯ ನುಡಿದರು. ಪ್ರಕರಣ ವರ್ಷಗಟ್ಟಲೆ ಸಾಗಿ ಅಂತರ ಅಮೆರಿಕ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಬಂತು. ಎದುರಿಗಿದ್ದ ಮೂವರ ಸಾವಿನಲ್ಲಿ ಎದುವಾರ್ದೊ ಕ್ರೂಸ್ ಸಾಂಚೆಸ್ ಎಂಬಾತನನ್ನು ಸೆರೆಹಿಡಿದ ಬಳಿಕ ಕೊಂದದ್ದಕ್ಕೆ ಪೆರು ಸರ್ಕಾರವೇ ಹೊಣೆ ಎಂದು 2015ರಲ್ಲಿ ತೀರ್ಪಾಯಿತು. ಉಳಿದ ಇಬ್ಬರ ವಿಷಯದಲ್ಲಿ ಹಾಗೆ ಹೇಳಲು ಸಾಕಷ್ಟು ಆಧಾರವಿಲ್ಲ ಎಂದಿತು.

ಈಗ ಕಾದಂಬರಿಯ ಕೊನೆಯನ್ನು ನೆನಪಿಸಿಕೊಳ್ಳಿ. ಬೆಯಾತ್ರಿಸ್ ಎಂಬ ಹುಡುಗಿ ಕೈ ಮೇಲೆತ್ತಿ ನಿಂತಿರುತ್ತಾಳೆ. ಅವಳನ್ನು ಹೊಡೆಯುತ್ತಾರೆ. ಪುಸ್ತಕ ಬಂದದ್ದು 2001ರಲ್ಲಿ, ತೀರ್ಪು ಬಂದದ್ದು 2015ರಲ್ಲಿ. ಅಧ್ಯಕ್ಷರು ಮೆಟ್ಟಿಲ ಮೇಲಿನ ಶವಗಳನ್ನು ದಾಟಿ ನಡೆದದ್ದನ್ನು ದೂರದರ್ಶನದಲ್ಲಿ ವಿಜಯವೆಂದು ಜಗತ್ತು ನೋಡಿದ್ದ ದಿನಗಳಲ್ಲಿ, ಒಬ್ಬ ಕಾದಂಬರಿಕಾರ್ತಿ ಆ ಎತ್ತಿದ ಕೈಗಳನ್ನು ಬರೆದಿಟ್ಟರು. ಮೇಷ್ಟ್ರು ಆಕೆಯ ಪುಸ್ತಕದಲ್ಲಿ ರಾಜಕೀಯವಿಲ್ಲ ಎನ್ನುತ್ತಾರೆ. ನನಗೆ ಆ ಒಂದು ವಾಕ್ಯದಲ್ಲಿ ಸಾಕಷ್ಟು ರಾಜಕೀಯ ಕಂಡಿತು.

ಮಾಜಿ ಯೋಧ, ಕೊಡಗು

ಮೇಡಂ, ಹೊಗೆ ತುಂಬಿದ ಕೋಣೆಯೊಳಗೆ ಕೈ ಮೇಲೆತ್ತಿದವರ ಸೊಂಟದಲ್ಲಿ ಗ್ರೆನೇಡ್ ಇದೆಯೋ ಇಲ್ಲವೋ ಎಂದು ನಿರ್ಧರಿಸಲು ಎಷ್ಟು ಸಮಯ ಸಿಗುತ್ತದೆ ಎಂಬುದನ್ನು ನ್ಯಾಯಾಲಯದಲ್ಲಿ ಕುಳಿತು ಅಳೆಯಲಾಗದು. ಸೆರೆಹಿಡಿದ ಮೇಲೆ ಕೊಂದದ್ದು ತಪ್ಪೇ, ಅದನ್ನು ಯಾವ ಸೈನಿಕನೂ ಸಮರ್ಥಿಸಬಾರದು. ಆದರೆ ಒಂದು ಸಾವಿನ ತೀರ್ಪನ್ನು ಹಿಡಿದು ಸುರಂಗದಲ್ಲಿ ವಾರಗಟ್ಟಲೆ ಕಾದಿದ್ದ ಎಲ್ಲರನ್ನೂ ಅಳೆಯಬೇಡಿ.

ವಕೀಲೆ, ಬೆಂಗಳೂರು

ಎಲ್ಲರನ್ನೂ ಅಳೆದಿಲ್ಲ. ತೀರ್ಪು ಕೂಡ ಅಳೆದಿಲ್ಲ.

ಹಳೆಯ ಪತ್ರಕರ್ತ, ಮೈಸೂರು

ಇಬ್ಬರ ಮಾತಿಗೂ ನಡುವೆ ಇನ್ನೊಂದು ವಿಷಯ ಕಾಣೆಯಾಗಿದೆ, ಅದೆಂದರೆ ಬಂಡುಕೋರರ ಬೇಡಿಕೆ. ಸೆರ್ಪಾ ಮತ್ತು ಆತನ ತಂಡ ಬಂದದ್ದು ಪೆರುವಿನ ಸೆರೆಮನೆಗಳಲ್ಲಿದ್ದ ತಮ್ಮ ನಾನೂರಕ್ಕೂ ಹೆಚ್ಚು ಸಂಗಾತಿಗಳನ್ನು ಬಿಡಿಸಿಕೊಳ್ಳಲು. ಆತನ ಹೆಂಡತಿಯೂ ಆ ಪಟ್ಟಿಯಲ್ಲಿದ್ದಳು. ಆತ ಜವಳಿ ಕಾರ್ಖಾನೆಯೊಂದರ ಕಾರ್ಮಿಕ ಮುಖಂಡನಾಗಿ ಬೆಳೆದವನು. ಕಾದಂಬರಿಯಲ್ಲೂ ಸೆರೆಯಾಳುಗಳ ಬಿಡುಗಡೆಯ ಬೇಡಿಕೆ ಬರುತ್ತದೆ, ರೆಡ್‌ಕ್ರಾಸ್‌ನ ಮೆಸ್ನರ್ ಕಾಗದಗಳನ್ನು ಹಿಡಿದು ಗೇಟಿನಿಂದ ಒಳಗೂ ಹೊರಗೂ ಓಡಾಡುತ್ತಾನೆ. ಆದರೆ ಆ ಸೆರೆಮನೆಗಳೊಳಗೆ ಯಾರಿದ್ದಾರೆ, ಏಕಿದ್ದಾರೆ ಎಂಬುದನ್ನು ಓದುಗ ಒಮ್ಮೆಯೂ ನೋಡುವುದಿಲ್ಲ. ದಿನ ಕಳೆದಂತೆ ಬೇಡಿಕೆ ನೆಪವಾಗಿ, ಕೊನೆಗೆ ಸದ್ದಿಲ್ಲದೆ ಕಳಚಿ ಬೀಳುತ್ತದೆ.

ಇನ್ನೊಂದು ಕಡೆ, ಬಂಡುಕೋರರ ಕ್ರೌರ್ಯವೂ ಹಾಗೆಯೇ ಕಳಚಿ ಬಿದ್ದಿದೆ. ಈ ಸಂಘಟನೆ ಅದಕ್ಕೂ ಮುಂಚೆ ಉದ್ಯಮಿಗಳನ್ನು ಅಪಹರಿಸಿ, ತಾನು ‘ಜನತಾ ಸೆರೆಮನೆ’ ಎಂದು ಕರೆದುಕೊಂಡ ಇಕ್ಕಟ್ಟಿನ ಅಡಗುತಾಣಗಳಲ್ಲಿ ತಿಂಗಳುಗಟ್ಟಲೆ ಕೂಡಿಹಾಕಿ ಹಣ ವಸೂಲಿ ಮಾಡುತ್ತಿತ್ತು. ಹಣ ಬಾರದೆ ಕೊಂದದ್ದೂ ಇದೆ. ಪೆರುವಿನ ಸತ್ಯಶೋಧನಾ ಆಯೋಗ 2003ರಲ್ಲಿ ಕೊಟ್ಟ ವರದಿಯ ಅಂದಾಜಿನಂತೆ 1980ರಿಂದ 2000ದವರೆಗಿನ ಸಂಘರ್ಷದಲ್ಲಿ ಸುಮಾರು 69,000 ಮಂದಿ ಸತ್ತರು ಇಲ್ಲವೇ ಕಾಣೆಯಾದರು. ಅದರಲ್ಲಿ ಈ ಸಂಘಟನೆಯ ಪಾಲು ಶೇ. 1.5ರಷ್ಟು ಎಂದು ಆಯೋಗ ಲೆಕ್ಕ ಹಾಕಿದೆ. ‘ಹೊಳೆಯುವ ದಾರಿ’ (ಶೈನಿಂಗ್ ಪಾತ್) ಎಂಬ ಮತ್ತೊಂದು ಬಂಡುಕೋರ ಬಣದ ಅರ್ಧಕ್ಕೂ ಮೀರಿದ ಪಾಲಿನ ಮುಂದೆ ಅದು ಚಿಕ್ಕದು, ಆದರೆ ಸೊನ್ನೆಯಲ್ಲ. ಕಾದಂಬರಿಯಲ್ಲಿ ಸಂಘಟನೆಗೆ ಇಟ್ಟ ಹೆಸರು, ಕರಪತ್ರ ಹಂಚುತ್ತಿದ್ದಾಗ ಸೈನಿಕರ ಗುಂಡಿಗೆ ಬಲಿಯಾದ ಹತ್ತು ವರ್ಷದ ಬಾಲಕನದು. ಅಲ್ಲಿಗೆ ಓದುಗನ ಕರುಣೆ ಯಾವ ಕಡೆ ಹರಿಯಬೇಕೆಂಬುದು ಮೊದಲೇ ನಿಶ್ಚಯವಾಗಿಹೋಯಿತು. ನನ್ನ ಆಕ್ಷೇಪ ಮೇಷ್ಟ್ರ ಆಕ್ಷೇಪಕ್ಕಿಂತ ಕೊಂಚ ಬೇರೆ: ದೇಶವನ್ನು ಅಳಿಸಿದ್ದರಿಂದ ಎರಡೂ ಕಡೆಯವರು ತಮ್ಮ ತಮ್ಮ ಲೆಕ್ಕ ಒಪ್ಪಿಸದೆ ಪಾರಾದರು.

ಓದುಗಿ, ಶಿವಮೊಗ್ಗ

ಪತ್ರಕರ್ತರ ಕೊನೆಯ ಮಾತು ನಮ್ಮ ಬಳಗದ ಜಗಳದ ಬೇರಿಗೇ ತಾಗಿತು. ಹಾಗಿದ್ದರೂ ಒಂದು ಕೇಳುತ್ತೇನೆ: ಲೆಕ್ಕ ಒಪ್ಪಿಸುವ ಕಾದಂಬರಿಯಾಗಿದ್ದರೆ ನಾವು ಇಷ್ಟು ಬಿಸಿಯಾಗಿ ಮಾತಾಡುತ್ತಿದ್ದೆವೇ?

ಚಾಮರಾಜನಗರದವಳು

ಇಷ್ಟು ಹೊತ್ತು ಓದುತ್ತಾ ಸುಮ್ಮನಿದ್ದೆ. ನಮ್ಮ ಕಡೆಯವರಿಗೆ ಈ ಪುಸ್ತಕ ಓದುವಾಗ ನೆನಪಾಗುವುದು ಲಿಮಾ ಅಲ್ಲವೇ ಅಲ್ಲ. 2000ದ ಜುಲೈ 30ರ ರಾತ್ರಿ ಗಾಜನೂರಿನ ಮನೆಯಿಂದ ಡಾ. ರಾಜ್‌ಕುಮಾರ್ ಅವರನ್ನು ವೀರಪ್ಪನ್ ಕರೆದೊಯ್ದಾಗ ನಾನು ಹೈಸ್ಕೂಲಿನಲ್ಲಿದ್ದೆ. ಮಾರನೆಯ ದಿನ ತಾಳವಾಡಿ ಕಡೆಯ ಬಸ್ಸುಗಳು ನಿಂತುಹೋದವು. ನಮ್ಮ ತಂದೆಯ ಸೈಕಲ್ ಅಂಗಡಿಯಲ್ಲಿ ಒಂದು ಹಳೆಯ ಫಿಲಿಪ್ಸ್ ರೇಡಿಯೊ ಇತ್ತು. ವಾರ್ತೆಯ ಹೊತ್ತಿಗೆ ಪಂಕ್ಚರ್ ಹಾಕಿಸಿಕೊಳ್ಳುವ ನೆಪದಲ್ಲಿ ಹತ್ತಾರು ಜನ ಸೇರುತ್ತಿದ್ದರು, ಗಾಳಿ ಇರುವ ಚಕ್ರಕ್ಕೇ ಮತ್ತೆ ಗಾಳಿ ಹೊಡೆಸಿಕೊಳ್ಳುತ್ತಿದ್ದರು. 108 ದಿನ ಹಾಗೇ ನಡೆಯಿತು. ಸಂಧಾನಕ್ಕೆಂದು ತಮಿಳು ಪತ್ರಿಕೆಯ ಸಂಪಾದಕ ನಕ್ಕೀರನ್ ಗೋಪಾಲ್ ಕಾಡಿಗೆ ಹೋದರಂತೆ, ಬಂದರಂತೆ, ಕ್ಯಾಸೆಟ್ ತಂದರಂತೆ ಎಂಬ ಮಾತೇ ಊರ ತುಂಬ.

ಪ್ಯಾಚೆಟ್ ಅವರ ಪುಸ್ತಕದಲ್ಲಿ ನನಗೆ ಹಿಡಿಸಿದ್ದು ಕಾಯುವಿಕೆ. ಮೊದಲ ವಾರದ ಭಯ ಮೂರನೆಯ ವಾರದಲ್ಲಿ ಇರುವುದಿಲ್ಲ, ಬೇಸರ ಬಂದು ಕೂರುತ್ತದೆ, ಆಮೇಲೆ ಬೇಸರಕ್ಕೂ ಒಂದು ದಿನಚರಿ ಹುಟ್ಟಿಕೊಳ್ಳುತ್ತದೆ. ಉಪಾಧ್ಯಕ್ಷ ತನ್ನದೇ ಮನೆಯಲ್ಲಿ ಸೆರೆಯಾಳಾಗಿ ನೆಲ ಒರೆಸುತ್ತಾನೆ, ಪಾತ್ರೆ ತೊಳೆಯುತ್ತಾನೆ, ಅತಿಥಿಗಳಿಗೆ ಏನು ಬೇಕೆಂದು ವಿಚಾರಿಸುತ್ತಾನೆ. ಪತ್ರಿಕೆಗಳಲ್ಲಿ ಇಂಥದ್ದು ಬರುವುದಿಲ್ಲ. ಅಣ್ಣಾವ್ರು ಕಾಡಿನಲ್ಲಿ ಒಂದು ಸಾಮಾನ್ಯ ಮಂಗಳವಾರವನ್ನು ಹೇಗೆ ಕಳೆದಿರಬಹುದು ಎಂದು ನಾನು ಈಗಲೂ ಯೋಚಿಸುತ್ತೇನೆ. ಬಿಡುಗಡೆಯ ದಿನ, ನವೆಂಬರ್ 15, ಎಲ್ಲರಿಗೂ ನೆನಪಿದೆ; ನಡುವಿನ ದಿನಗಳನ್ನು ಯಾರಾದರೂ ಕಲ್ಪಿಸಿಕೊಂಡು ಬರೆದ ಕಾದಂಬರಿಯನ್ನು ನಾನಂತೂ ಓದಿಲ್ಲ.

ಕಿರಣ, ಹಾಸನ

ಅಂಥದ್ದನ್ನು ಬರೆದರೆ ಕನ್ನಡದಲ್ಲಿ ಬರೆದವನು ಮನೆಯಿಂದ ಹೊರಗೆ ಬರುವುದು ಕಷ್ಟವಾದೀತು. ಅದರಲ್ಲೂ ‘ಬೆಲ್ ಕಾಂಟೊ’ ಮಾದರಿಯಲ್ಲಿ ಅಪಹರಣಕಾರನಿಗೂ ಒಳ್ಳೆಯ ಮನಸ್ಸಿತ್ತು ಎಂದು ಬರೆದರೆ ಕೇಳುವುದೇ ಬೇಡ.

ಹಳೆಯ ಪತ್ರಕರ್ತ, ಮೈಸೂರು

ಗಾಜನೂರಿನ ಹೋಲಿಕೆ ಒಂದು ವಿಷಯದಲ್ಲಿ ಬಹಳ ಸರಿಯಾಗಿ ಕೂರುತ್ತದೆ. ಅಲ್ಲಿಯೂ ಬೇಡಿಕೆಗಳ ಪಟ್ಟಿಯಲ್ಲಿ ಸೆರೆಯಾಳುಗಳಿದ್ದರು. ಭಯೋತ್ಪಾದನೆ ತಡೆಯ ಟಾಡಾ ಕಾಯ್ದೆಯಡಿ ಮೈಸೂರಿನ ಸೆರೆಮನೆಯಲ್ಲಿ ವರ್ಷಗಟ್ಟಲೆ ಕೊಳೆಯುತ್ತಿದ್ದವರು ಅವರು. ಸರ್ಕಾರ ಮೊಕದ್ದಮೆ ಹಿಂತೆಗೆದುಕೊಳ್ಳಲು ಮುಂದಾದಾಗ, ವೀರಪ್ಪನ್ ತಂಡದ ಕೈಯಲ್ಲಿ ಹತರಾದ ಪೊಲೀಸ್ ಅಧಿಕಾರಿಯೊಬ್ಬರ ತಂದೆ ಸುಪ್ರೀಂ ಕೋರ್ಟಿಗೆ ಹೋಗಿ ತಡೆ ತಂದರು. ಈ ಕಥೆಯಲ್ಲಿ ಒಬ್ಬ ಒತ್ತೆಯಾಳು, ಒಬ್ಬ ಅಪಹರಣಕಾರ ಎಂಬಷ್ಟೇ ಲೆಕ್ಕವಿಲ್ಲ. ಸೆರೆಮನೆಯಲ್ಲಿದ್ದವರು ಇದ್ದಾರೆ, ಮಗನನ್ನು ಕಳೆದುಕೊಂಡ ತಂದೆ ಇದ್ದಾರೆ, ಊರು ಹೊತ್ತಿ ಉರಿದೀತೆಂದು ಹೆದರಿದ ಎರಡು ಸರ್ಕಾರಗಳಿವೆ. ಇದೆಲ್ಲವನ್ನೂ ಕಾಡಿನ ಹೊರಗೇ ಬಿಟ್ಟು, ಕಾಡಿನೊಳಗಿನ ಗೆಳೆತನವನ್ನಷ್ಟೇ ಬರೆದರೆ ಚಾಮರಾಜನಗರದವರು ಒಪ್ಪುತ್ತೀರಾ?

ಚಾಮರಾಜನಗರದವಳು

ಒಪ್ಪುವುದಿಲ್ಲ, ಸರ್. ಆದರೂ ಓದುತ್ತೇನೆ.

ಕಡಲತಡಿ

ಈ ಉತ್ತರವೇ ನನ್ನ ವಾದ. ಒಪ್ಪದೆಯೂ ಓದಿಸಿಕೊಳ್ಳುವುದು ಸಣ್ಣ ಸಂಗತಿಯೇ? ಇನ್ನು ಬಂಡುಕೋರ ಹುಡುಗರನ್ನು ಆಕೆ ಸುಮ್ಮನೆ ಮುದ್ದು ಮಾಡಿದ್ದಾರೆ ಎನ್ನುವವರಿಗೆ ಒಂದು ಮಾತು. ಲಿಮಾದಲ್ಲಿ ಇದ್ದವರಲ್ಲಿ ಹಲವರು ಹದಿಹರೆಯದವರೇ, ಅರಣ್ಯದ ಅಂಚಿನ ಊರುಗಳಿಂದ ಬಂದವರು. ಸೆರೆ ಹಿಡಿದವರೇ ಸೆರೆಯಾಳುಗಳ ಕಡೆಗೆ ಮೆತ್ತಗಾಗುವುದನ್ನು ಈ ಘಟನೆಯ ನಂತರ ‘ಲಿಮಾ ಸಿಂಡ್ರೋಮ್’ ಎಂದೇ ಕರೆಯತೊಡಗಿದರು. ಸೆರೆಯಾಳುಗಳೇ ಸೆರೆ ಹಿಡಿದವರ ಕಡೆಗೆ ವಾಲುವುದಕ್ಕೆ 1973ರ ಸ್ಟಾಕ್‌ಹೋಮ್ ಬ್ಯಾಂಕ್ ಪ್ರಕರಣದಿಂದ ಬಂದ ‘ಸ್ಟಾಕ್‌ಹೋಮ್ ಸಿಂಡ್ರೋಮ್’ ಎಂಬ ಹೆಸರಿಗೆ ಇದು ತಿರುಗುಮುರುಗು. ದಾಳಿಯ ಕ್ಷಣದಲ್ಲಿ ಬಂದೂಕು ಹಿಡಿದು ಕೋಣೆಯೊಳಗೆ ಬಂದ ಹುಡುಗನೊಬ್ಬ ಗುಂಡು ಹಾರಿಸದೆ ಹಿಂತಿರುಗಿದ ಎಂದು ಬಿಡುಗಡೆಯಾದವರೇ ಹೇಳಿದ್ದಾರೆ. ಮಧುರವಾಗಿ ಕಾಣುವ ಭಾಗವೇ ವಾಸ್ತವಕ್ಕೆ ಹತ್ತಿರವಿದ್ದರೆ ಲೇಖಕಿ ಏನು ಮಾಡಬೇಕು?

ಮಾಜಿ ಯೋಧ, ಕೊಡಗು

ಆ ಹುಡುಗ ಗುಂಡು ಹಾರಿಸಲಿಲ್ಲ ಎಂಬುದು ಆಮೇಲೆ ತಿಳಿದ ಸಂಗತಿ. ಹಾರಿಸುತ್ತಾನೆ ಎಂದೇ ತಿಳಿದು ಸೈನಿಕ ಒಳಗೆ ಹೋಗಬೇಕು.

ಸಂಗೀತ ವಿದ್ಯಾರ್ಥಿನಿ, ಧಾರವಾಡ

ನನಗೆ ಒಂದು ವ್ಯತ್ಯಾಸ ಕುತೂಹಲಕರವಾಗಿ ಕಂಡಿತು. ಲಿಮಾದಲ್ಲಿ ಹೆಂಗಸರನ್ನು ಮೊದಲೇ ಬಿಟ್ಟುಬಿಟ್ಟಿದ್ದರು, ಅಧ್ಯಕ್ಷರ ತಾಯಿಯೂ ಸೋದರಿಯೂ ಅವರೊಂದಿಗೇ ಹೊರಬಂದರು. ಕೊನೆಯವರೆಗೆ ಉಳಿದವರು ಗಂಡಸರೇ. ಕಾದಂಬರಿಯಲ್ಲಿ ಒಬ್ಬಳನ್ನು ಉಳಿಸಿಕೊಂಡಿದ್ದಾರೆ, ಗಾಯಕಿಯನ್ನು. ಆ ಒಂದೇ ಬದಲಾವಣೆಯಿಂದ ಇಡೀ ಘಟನೆ ಬೇರೆಯಾಯಿತು. ರಾಜತಾಂತ್ರಿಕರು, ಮಂತ್ರಿಗಳು, ವ್ಯಾಪಾರಿಗಳು ತುಂಬಿದ ಮನೆಯಲ್ಲಿ ಬೆಲೆಯುಳ್ಳ ಒತ್ತೆಯಾಳು ಎಂದರೆ ಹಾಡುವವಳು. ಅವಳಿಗೂ ಅದು ಗೊತ್ತು. ಪಿಯಾನೊಗೆ ಸ್ವರಲಿಪಿಯ ಪುಸ್ತಕಗಳು ಬೇಕೆಂದು ಪಟ್ಟುಹಿಡಿದು ತರಿಸಿಕೊಳ್ಳುತ್ತಾಳೆ. ಅವಳ ಜೊತೆಗಾರ ವಾದಕ ಇನ್ಸುಲಿನ್ ಇಲ್ಲದೆ ಮೊದಲ ದಿನಗಳಲ್ಲೇ ಸಾಯುತ್ತಾನೆ ಎಂಬುದನ್ನು ಮರೆಯಬೇಡಿ, ಪುಸ್ತಕ ಅಷ್ಟೇನೂ ಸಿಹಿಯಲ್ಲ. ಬಂಡುಕೋರ ಹುಡುಗ ಸೆಸಾರ್ ಕದ್ದು ಕೇಳಿ ಅವಳಂತೆಯೇ ಹಾಡತೊಡಗುವ ಭಾಗವಂತೂ ಕಲಿಸುವವರೆಲ್ಲ ಓದಬೇಕಾದದ್ದು. ಮೊದಲ ಸಲ ಹಾಡಿ ಮುಗಿಸಿ, ಎಲ್ಲರೂ ನೋಡುತ್ತಿದ್ದಾರೆಂದು ಗಾಬರಿಯಾಗಿ ತೋಟಕ್ಕೆ ಓಡಿ ಮರ ಹತ್ತಿಬಿಡುತ್ತಾನೆ. ಮರದಿಂದ ಇಳಿಸಲು ಗುರುವೇ ಹೋಗಬೇಕಾಗುತ್ತದೆ.

ಷಿಕಾಗೊ ಕನ್ನಡಿಗ

2018ರ ಚಲನಚಿತ್ರದಲ್ಲಿ ಈ ಸೂಕ್ಷ್ಮಗಳು ಅಷ್ಟಾಗಿ ಉಳಿದಿಲ್ಲ. ಜೂಲಿಯಾನ್ ಮೂರ್ ಗಾಯಕಿಯಾಗಿ ನಟಿಸಿದ್ದಾರೆ, ಕಂಠ ರೆನೆ ಫ್ಲೆಮಿಂಗ್ ಅವರದು. ಪುಸ್ತಕ ಓದಿದವರಿಗೆ ಅದು ಅವಸರದ ಸಾರಾಂಶದಂತೆ ಕಾಣುತ್ತದೆ.

ನಿವೃತ್ತ ಮೇಷ್ಟ್ರು

ಚಲನಚಿತ್ರ ಬೇಡ, ಪುಸ್ತಕಕ್ಕೇ ಬರೋಣ. ವಕೀಲೆ ಮೇಡಂ ಹೇಳಿದ ಎತ್ತಿದ ಕೈಗಳ ಮಾತು ನನ್ನನ್ನು ಯೋಚನೆಗೆ ಹಚ್ಚಿತು. ಆದರೂ ಅದೇ ಜಾಗದಲ್ಲಿ ನನ್ನ ದೂರು ಇನ್ನಷ್ಟು ಗಟ್ಟಿಯಾಗುತ್ತದೆ. ಹೊಸೊಕಾವ ಕಾರ್ಮೆನ್‌ಗೆ ಅಡ್ಡವಾಗಿ ನಿಂತು ಇಬ್ಬರೂ ಒಂದೇ ಗುಂಡಿಗೆ ಸಾಯುತ್ತಾರೆ. ಸರಿ, ಒಪೆರಾದ ಕೊನೆ. ಆದರೆ ಆ ಬಳಿಕ ಬರುವ ಪುಟ್ಟ ಉಪಸಂಹಾರ ಏಕೆ? ಹೊಸೊಕಾವನನ್ನು ಪ್ರೀತಿಸಿದ ರೊಕ್ಸಾನ್, ಕಾರ್ಮೆನ್‌ಳನ್ನು ಪ್ರೀತಿಸಿದ ಗೆನ್, ಇವರಿಬ್ಬರೂ ಇಟಲಿಯ ಲುಕ್ಕಾದಲ್ಲಿ ಮದುವೆಯಾಗುತ್ತಾರೆ. ಸತ್ತ ಹುಡುಗಿ ಬೆಟ್ಟಗಾಡಿನವಳು, ಬದುಕಿದವರು ಯುರೋಪಿನಲ್ಲಿ ಸುಖವಾಗಿದ್ದಾರೆ. ಹೆಸರಿಲ್ಲದ ಆ ದೇಶ ಇವರ ಪ್ರೇಮಕ್ಕೆ ಗೊಬ್ಬರವಾಯಿತೇ ಹೊರತು ಮತ್ತೇನೂ ಆಗಲಿಲ್ಲ.

ವಕೀಲೆ, ಬೆಂಗಳೂರು

ಸುಖವಾಗಿದ್ದಾರೆ ಎಂದು ಎಲ್ಲಿದೆ ಸರ್? ನನಗೆ ಆ ಮದುವೆ ಸುಖದ್ದಾಗಿ ಕಾಣಲೇ ಇಲ್ಲ. ಆ ಮನೆಯೊಳಗೆ ನಡೆದದ್ದನ್ನು ಹೊರಗಿನ ಯಾರಿಗೆ ಹೇಳಿದರೂ ಅರ್ಥವಾಗುವುದಿಲ್ಲ. ‘ನಿಮ್ಮನ್ನು ಒತ್ತೆ ಇಟ್ಟುಕೊಂಡವಳನ್ನು ಪ್ರೀತಿಸಿದಿರಾ’ ಎಂದು ಕೇಳುವವರ ನಡುವೆ ಗೆನ್ ಹೇಗೆ ಬದುಕಬೇಕು? ಕಾರ್ಮೆನ್ ಇದ್ದಳು ಎಂಬುದಕ್ಕೆ ಅವನ ಹತ್ತಿರ ಉಳಿದಿರುವ ಏಕೈಕ ಸಾಕ್ಷಿ ರೊಕ್ಸಾನ್. ಅವಳಿಗೆ ಹೊಸೊಕಾವನ ವಿಷಯದಲ್ಲಿ ಉಳಿದಿರುವ ಸಾಕ್ಷಿ ಅವನು. ಪ್ರೀತಿಗಿಂತ ಸಾಕ್ಷ್ಯಕ್ಕಾಗಿ ಆದ ಮದುವೆ ಅದು. ಉಪಸಂಹಾರ ಬೇಡವಿತ್ತು ಎಂದು ವಾದಿಸುವವರು ಬಹಳ ಮಂದಿ ಇದ್ದಾರೆ, ನಾನು ಆ ಕಡೆಯವಳಲ್ಲ.

ಓದುಗಿ, ಶಿವಮೊಗ್ಗ

ಈ ಓದು ನಮ್ಮ ಬಳಗದಲ್ಲಿ ಯಾರಿಗೂ ಹೊಳೆದಿರಲಿಲ್ಲ. ಮುಂದಿನ ಸಭೆಯಲ್ಲಿ ಹೇಳುತ್ತೇನೆ, ಇನ್ನೊಂದು ಜಗಳಕ್ಕೆ ದಾರಿಯಾಗಲಿ. ನನ್ನ ಮಟ್ಟಿಗೆ, ಹಕ್ಕಿದೆಯೇ ಎಂಬ ಪ್ರಶ್ನೆಯನ್ನು ಬದಿಗಿಟ್ಟು, ಹಕ್ಕನ್ನು ಬಳಸಿಕೊಂಡ ಮೇಲೆ ಏನನ್ನು ಬಿಟ್ಟರು ಎಂದು ಕೇಳುವುದು ಹೆಚ್ಚು ಫಲಕಾರಿ ಎನ್ನಿಸುತ್ತಿದೆ. ಸೆರೆಮನೆಗಳನ್ನು ಬಿಟ್ಟರು, ಸೈನಿಕರನ್ನು ಬಿಟ್ಟರು, ದೇಶದ ಹೆಸರನ್ನು ಬಿಟ್ಟರು. ಇಷ್ಟನ್ನು ಬಿಟ್ಟು ಉಳಿಸಿಕೊಂಡದ್ದು ಆ ಮನೆಯೊ‌ಳಗಿನ ಗಂಟೆಗಳನ್ನು. ಬೆಲೆ ಹೆಚ್ಚಾಯಿತೆಂದೇ ನನ್ನ ಅಭಿಪ್ರಾಯ, ಆದರೆ ಕೊಂಡದ್ದು ಖೋಟಾ ಮಾಲಲ್ಲ.

ಮಾಜಿ ಯೋಧ, ಕೊಡಗು

ಸಭೆಯಲ್ಲಿ ಇದನ್ನೂ ಹೇಳಿ: ಸತ್ತ ಆ ಇಬ್ಬರು ಕಮಾಂಡೊಗಳ ಹೆಸರು ಹುವಾನ್ ವಾಲೆರ್ ಸಾಂದೊವಾಲ್ ಮತ್ತು ರಾವುಲ್ ಹಿಮೆನೆಸ್ ಚಾವೆಸ್. ತೀರಿಕೊಂಡ ಒತ್ತೆಯಾಳು ಸುಪ್ರೀಂ ಕೋರ್ಟಿನ ನ್ಯಾಯಾಧೀಶ ಕಾರ್ಲೊಸ್ ಹಿಯುಸ್ತಿ. ಕಾದಂಬರಿ ಓದುವವರು ಓದಲಿ, ನನ್ನ ಅಡ್ಡಿಯಿಲ್ಲ.

ವಕೀಲೆ, ಬೆಂಗಳೂರು

ಹೇಳಲಿ. ಜೊತೆಗೆ ಎದುವಾರ್ದೊ ಕ್ರೂಸ್ ಸಾಂಚೆಸ್ ಹೆಸರನ್ನೂ ಹೇಳಲಿ.

ಮಾಜಿ ಯೋಧ, ಕೊಡಗು

ಹೇಳಲಿ, ಮೇಡಂ.